ಜಿಲೇಬಿ ಕೊಟ್ಟ ವರ್ಷ

ಸೋಲಾಪುರ
4 ಜುಲೈ 2023

ಬಸ್ಸು ಹೊರಡುವಾಗ ನೀನು ಹೇಳಿದ ಆ ಮಾತು ಚುನಾವಣೆಯ ಜೀಪುಗಳ ಬಗ್ಗೆ ಇತ್ತೋ ಏನೋ. ಗೆದ್ದವರ ಜೀಪು, ಸೋತವರ ಜೀಪು ಎಂದು ಏನೋ ಒಂದು. ಅಥಣಿ ಬಸ್ ನಿಲ್ದಾಣದಲ್ಲಿ ಕಿಟಕಿಯ ಕೆಳಗೆ ನಿಂತು ನೀನು ಹೇಳಿದ್ದರಲ್ಲಿ ಅರ್ಧ ಮಾತು ನಿನ್ನ ತುಟಿಯಿಂದ ಓದಿಕೊಂಡೆ. ಉಳಿದರ್ಧಕ್ಕೆ ಬಸ್ಸು ಹೊರಟಿತು. ಇಷ್ಟು ದಿನ ಆ ಉಳಿದರ್ಧವನ್ನು ನಾನೇ ಒಂದೊಂದು ರೀತಿ ತುಂಬಿಕೊಂಡು ನೋಡುತ್ತಿದ್ದೇನೆ, ನೀಲಮ. ಯಾವುದೂ ಹೊಂದುತ್ತಿಲ್ಲ.

ರಾಯಬಾಗದ ಮನೆಗೆ ಬೀಗ ಹಾಕಿ ಮಗಳ ಮನೆಗೆ ಬಂದವನಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಕಿವಿಯ ಯಂತ್ರವನ್ನು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅದು ಮಾತಿಗಿಂತ ಫ್ಯಾನಿನ ಸದ್ದನ್ನೇ ದೊಡ್ಡದು ಮಾಡುತ್ತದೆ. ಫೋನು ಮೊಮ್ಮಗಳು ಮೆಹೆಕಳದು. ಅದಕ್ಕೆ ಬಂದದ್ದನ್ನು ಮನೆಯವರೆಲ್ಲ ಓದುತ್ತಾರೆ. ಬರೆಯುವುದಾದರೆ ಕಾಗದದಲ್ಲಿ ಬರೆ.

ವಿಧಾನಸಭೆ ಚುನಾವಣೆಯ ಫಲಿತಾಂಶವನ್ನು ನಾನು ಎರಡೆರಡು ಸಲ ನೋಡಿದೆ. ಸಕ್ಕರೆ ಕಾರ್ಖಾನೆಯ ಅಧ್ಯಕ್ಷರ ಅಳಿಯ ಗೆದ್ದ. ನೀನು ಮೂರನೆಯವಳು. ಗೆದ್ದವನಿಗೂ ಎರಡನೆಯವನಿಗೂ ನಡುವೆ ಇದ್ದ ಅಂತರ ನಿನಗೆ ಬಿದ್ದ ಮತಗಳಿಗಿಂತ ಚಿಕ್ಕದು. ನೀನು ನಿಲ್ಲದಿದ್ದರೆ ಅಳಿಯ ಗೆಲ್ಲುತ್ತಿರಲಿಲ್ಲ. ಇದು ನಿನಗೂ ಹೊಳೆದಿರುತ್ತದೆ. ಕಾರ್ಖಾನೆಯ ಡಿಸ್ಟಿಲರಿ ಹೊಳೆಗೆ ಬಿಡುವ ಮಳಿಯ ಕಪ್ಪು ಹೊಲಸು ನೀರಿನ ವಿರುದ್ಧ ನಿನ್ನ ಅಪ್ಪ ಧರೆಪ್ಪನೂ ನಾನೂ ಕಟ್ಟಿದ ಸಮಿತಿ ಅದು. ಅದರ ಹೆಸರಿನಲ್ಲಿ ನೀನು ನಿಂತೆ, ಕಾರ್ಖಾನೆ ಗೆದ್ದಿತು. ಧರೆಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ ಎಂದು ಕೇಳುವ ಚಟ ನನಗಿಲ್ಲ.

ಇಲ್ಲಿಯೂ ಮಳೆ ತಡವಾಗಿದೆ. ನಿನ್ನ ತಾಯಿಗೆ ನನ್ನ ಸಲಾಂ ತಿಳಿಸು.

ದಸ್ತಗೀರ


ಕಾಗವಾಡ ತಾಲೂಕು, ಹೊಳೆಸಾಲು
19 ಆಗಸ್ಟ್ 2023

ವಕೀಲ ಕಾಕಾ,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಆಕೆ ಒಂದೇ ಮಾತು ಅಂದಳು: “ದಸ್ತಗೀರಣ್ಣಾಗ ಯಾರೋ ಬ್ಯಾರೇದವ್ರು ಬರದ ಕೊಟ್ಟಾರನ?” ನನಗೂ ಹಾಗೇ ಅನಿಸಿತು. ವಕೀಲರು ನೋಟಿಸು ಬರೆದಂತಿತ್ತು. ಸೋತವಳ ಮೇಲೆ ಸಿಟ್ಟು ಬರುವುದು ಸಹಜ ಎಂದುಕೊಂಡೆ. ನಮ್ಮ ಓಣಿಯವರಿಗೂ ಬಂದಿದೆ.

ಬಸ್ಸಿನ ಹತ್ತಿರ ನಾನು ಹೇಳಿದ್ದು ಜೀಪಿನ ಮಾತಲ್ಲ. ಮುಂದಿನ ಸಲವೂ ನಿಲ್ಲುತ್ತೇನೆ, ಆಗಲೂ ನೀವು ಬರಬೇಕು ಎಂದಿದ್ದೆ. ನೀವು ತಲೆ ಆಡಿಸಿದಿರಿ. ಒಪ್ಪಿದಿರಿ ಎಂದುಕೊಂಡು ಮನೆಗೆ ಬಂದೆ.

ನಾನು ನಿಲ್ಲದಿದ್ದರೆ ಎಂಬ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಎರಡನೆಯವನೂ ಹೊಳೆಯ ವಿಷಯ ಒಂದು ದಿನವೂ ಎತ್ತಲಿಲ್ಲ. ಯಾರು ಗೆದ್ದರೂ ನೀರು ಕಪ್ಪೇ ಇರುತ್ತಿತ್ತು. ಹೋದ ವಾರ ಹೊಳೆಯ ನೀರೆತ್ತುವ ಜಾಕ್‌ವೆಲ್ಲಿನ ಹತ್ತಿರ ಮತ್ತೆ ಮೀನು ಸತ್ತು ತೇಲಿದವು. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು ಬಟ್ಟೆ ಒಗೆದರು. ನಾನು ಒಣದ್ರಾಕ್ಷಿ ಶೆಡ್ಡಿಗೆ ಮೊದಲಿನಂತೆ ಹೋಗುತ್ತಿದ್ದೇನೆ.

ಚುನಾವಣೆಯ ಖರ್ಚಿನ ಲೆಕ್ಕವನ್ನು ಚಿಕ್ಕೋಡಿಗೆ ಹೋಗಿ ಕೊಟ್ಟು ಬಂದೆ. ನನ್ನ ಸ್ಕೂಟಿಯ ಪೆಟ್ರೋಲು, ಕರಪತ್ರ, ಚಹಾ. ಜೀಪುಗಳು, ಊರೂರಿಗೆ ಹಾಕಿದ ಫ್ಲೆಕ್ಸುಗಳು ಸಮಿತಿಯವು. ಅವನ್ನೂ ಬರೆಯಬೇಕೇನೋ ಎಂದು ಕಾರ್ಯದರ್ಶಿ ವಿಕ್ರಾಂತನನ್ನು ಕೇಳಿದ್ದೆ. “ಅಕ್ಕಾರ, ಜನರ ಪ್ರೀತೀಗೂ ಪಾವತಿ ಚೀಟಿ ಕೇಳ್ತೀರೇನ? ಅದನ್ನ ಸಮಿತಿ ನೋಡ್ಕೋತೈತಿ, ನೀವು ಸುಮ್ನ ಕುಂದರ್ರಿ” ಎಂದ.

ಅವ್ವ ಈಗಲೂ ಆ ಜೀಪುಗಳನ್ನು ನೆನೆಸಿಕೊಂಡು ನಗುತ್ತಾಳೆ. “ನನ್ನ ಮದಿವಿಗೂ ಅಷ್ಟ ಗಾಡಿ ಬಂದಿದ್ದಿಲ್ಲ” ಅನ್ನುತ್ತಾಳೆ.

ಸಿಟ್ಟಿದ್ದರೆ ಬೈದು ಬರೆಯಿರಿ. ಹೀಗೆ ಬರೆಯಬೇಡಿ.

ನೀಲಮ


ಸೋಲಾಪುರ
18 ಫೆಬ್ರವರಿ 2024

ನೀಲಮ,

ತಡವಾಯಿತು. ಕಾರಣ ಬರೆಯುವುದಿಲ್ಲ. ಇದ್ದದ್ದು ಸೋಮಾರಿತನವಲ್ಲ, ಇಷ್ಟು ಸಾಕು.

ಮೊನ್ನೆ ಸುಪ್ರೀಂ ಕೋರ್ಟು ಚುನಾವಣಾ ಬಾಂಡುಗಳನ್ನು ರದ್ದು ಮಾಡಿತು. ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಎಂದು ತಿಳಿಯುವುದು ಮತದಾರನ ಹಕ್ಕು ಎಂದಿತು. ಮೆಹೆಕ ಟಿವಿಯ ಮುಂದೆ ಕೂರಿಸಿದಳು. ಕೆಳಗೆ ಓಡುವ ಅಕ್ಷರಗಳನ್ನು ಓದಿದೆ. ದೊಡ್ಡ ಕಂಪನಿಗಳ ಹೆಸರುಗಳು ಇನ್ನು ಹೊರಗೆ ಬರುತ್ತವೆ ಎಂದು ಎಲ್ಲರೂ ಖುಷಿಯಲ್ಲಿದ್ದರು.

ನಾನು ನಮ್ಮ ಕಡೆಯ ವಿಷಯ ಯೋಚಿಸುತ್ತಿದ್ದೆ. ನಮ್ಮಲ್ಲಿ ಬಾಂಡು ಬೇಕಾಗಿರಲಿಲ್ಲ. ಸಹಕಾರಿ ಕಾರ್ಖಾನೆ ರಾಜಕೀಯಕ್ಕೆ ದುಡ್ಡು ಕೊಡುವಂತಿಲ್ಲ. ಸರಿ, ಅದು ಒಂದು ಟ್ರಸ್ಟಿಗೆ ಕೊಡುತ್ತದೆ. ಟ್ರಸ್ಟು ಗ್ರಾಮವಿಕಾಸಕ್ಕೆಂದು ಒಂದು ಸಮಿತಿಗೆ ಕೊಡುತ್ತದೆ. ಸಮಿತಿ ಪಕ್ಷವಲ್ಲ, ಜಾಗೃತಿ ಮಾಡುತ್ತದೆ. ಜಾಗೃತಿಗೆ ಜೀಪು ಬೇಕು, ಜೀಪಿನ ಮೇಲೆ ಯಾರದಾದರೂ ಚಿತ್ರ ಬೇಕು. ಏತ ನೀರಾವರಿಯ ಹಾಗೆ, ಒಂದು ಜಾಕ್‌ವೆಲ್ಲಿನಿಂದ ಇನ್ನೊಂದಕ್ಕೆ ಏರಿಸಿ, ಪೈಪು ದಾಟಿಸಿ, ಕೊನೆಯ ಹೊಲದಲ್ಲಿ ಬೀಳುವಾಗ ಇದು ಯಾವ ಹೊಳೆಯ ನೀರೆಂದು ಯಾರೂ ಕೇಳುವುದಿಲ್ಲ. ಬೆಳೆಗಂತೂ ಕೇಳುವ ಕಾರಣವೇ ಇಲ್ಲ.

ಕಾರ್ಖಾನೆಯವರು ತಮ್ಮ ಶತ್ರುವಿಗೆ ಯಾಕೆ ಕೊಡುತ್ತಾರೆ ಎಂದು ಹೊರಗಿನವರು ಕೇಳಬಹುದು. ಎದುರಾಳಿಯ ಮತ ಒಡೆಯಲು ಬೇರೆ ಯಾರಿಗೆ ಕೊಡಬೇಕು?

ಮತದಾರನಿಗೆ ತಿಳಿಯುವ ಹಕ್ಕಿದೆ ಎಂದರು. ಅಭ್ಯರ್ಥಿಗೆ ತಿಳಿಯದ ಹಾಗೆ ಇರುವ ಹಕ್ಕಿದೆಯೇ, ಈ ಪ್ರಶ್ನೆ ಅಲ್ಲಿ ಯಾರೂ ಎತ್ತಿದಂತಿಲ್ಲ. ನೀನು ಉತ್ತರಿಸಬೇಕಾಗಿಲ್ಲ.

ದಸ್ತಗೀರ


ಹೊಳೆಸಾಲು
11 ಜನವರಿ 2025

ಕಾಕಾ,

ಉತ್ತರಿಸಬೇಕಾಗಿಲ್ಲ ಎಂದಿರಿ, ಉತ್ತರಿಸಲಿಲ್ಲ. ಆ ಪತ್ರ ನನಗೆ ಅರ್ಥವಾಗಲಿಲ್ಲ ಎಂದಲ್ಲ. ಅದು ಯಾರಿಗೋ ಬೇರೆಯವರಿಗೆ ಬರೆದದ್ದು, ತಪ್ಪಿ ನನಗೆ ಬಂದಿದೆ ಎಂದುಕೊಂಡೆ. ನೀವು ಹೇಳಿದ ಟ್ರಸ್ಟು ಯಾವುದು ಎಂದು ನನಗೆ ಹೊಳೆಯಲಿಲ್ಲ. ಈಗ ಹೊಳೆದಿದೆ.

ಮೊನ್ನೆ ತಹಶೀಲ್ದಾರ ಕಚೇರಿಯಿಂದ ಆಳು ಬಂದು ಚುನಾವಣೆ ಆಯೋಗದ ನೋಟಿಸು ಕೊಟ್ಟು ಹೋದ. ಪ್ರಚಾರದ ದಿನಗಳಲ್ಲಿ ಅವರ ತಂಡ ಜೀಪುಗಳನ್ನೂ ಫ್ಲೆಕ್ಸುಗಳನ್ನೂ ವಿಡಿಯೊ ಮಾಡಿಕೊಂಡಿತ್ತು. ಎಲ್ಲದರ ಮೇಲೆ ನನ್ನ ಚಿತ್ರ. ಅವುಗಳ ಖರ್ಚು ನನ್ನದು, ನಾನು ತೋರಿಸಿಲ್ಲ, ಆದ್ದರಿಂದ ಮೂರು ವರ್ಷ ಚುನಾವಣೆಗೆ ನಿಲ್ಲದಂತೆ ಯಾಕೆ ಮಾಡಬಾರದು ಎಂದು ಕೇಳಿದ್ದಾರೆ. ಸಮಿತಿಯನ್ನೂ ಕೇಳಿದ್ದರಂತೆ. ಹಣ ಕೃಷ್ಣಾತೀರ ಗ್ರಾಮವಿಕಾಸ ಟ್ರಸ್ಟಿನದು, ಅಭ್ಯರ್ಥಿ ಸಭೆಯಲ್ಲಿ ಇದ್ದು ಒಪ್ಪಿದ ಮೇಲೆಯೇ ಖರ್ಚು ಮಾಡಿದ್ದು ಎಂದು ವಿಕ್ರಾಂತ ಬರೆದುಕೊಟ್ಟಿದ್ದಾನೆ.

ಆ ಟ್ರಸ್ಟಿನ ವಿಳಾಸ ನೋಡಿದೆ. ಕಾರ್ಖಾನೆಯ ಗೇಟಿನ ಒಳಗಿದೆ.

ಎರಡು ದಿನ ಅಡುಗೆ ಮಾಡಲಿಲ್ಲ, ಅವ್ವ ಮಾಡಿದಳು. ಮೂರನೆಯ ದಿನ ಶೆಡ್ಡಿಗೆ ಹೋದರೆ ಅಲ್ಲಿ ನನಗಿಂತ ಮೊದಲು ಸುದ್ದಿ ಬಂದಿತ್ತು. ದ್ರಾಕ್ಷಿ ಆರಿಸುತ್ತಿದ್ದ ರಾಜಮತಿ, ನನಗಾಗಿ ಊರಿಂದೂರಿಗೆ ನಡೆದು ಕರಪತ್ರ ಹಂಚಿದವಳು, ತಲೆ ಎತ್ತದೆ ಹೇಳಿದಳು: “ಬರ್ರಿ ಮೇಡಮ್ಮಾರ. ನಿಮ್ಮ ಕಾರ್ಖಾನ್ಯಾಗ ನಮ್ಮ ಹುಡುಗೂಗ ಒಂದ ನೌಕರಿ ಹೇಳ್ರಿ.” ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನನಗೆ ಬೇಕಾದದ್ದು ಒಂದೇ ಪುಟ. ಆ ಸಭೆಯ ಅಧ್ಯಕ್ಷರು ನೀವು. ಹಣ ಯಾರದೆಂದು ನನಗೆ ತಿಳಿದಿರಲಿಲ್ಲ ಎಂದು ನೀವು ಬರೆದು ಸಹಿ ಮಾಡಿದರೆ ನನ್ನ ಉತ್ತರದ ಜೊತೆ ಇಡುತ್ತೇನೆ. ತಿಂಗಳ ಕೊನೆಯವರೆಗೆ ಸಮಯ ಇದೆ. ಮುಂದಿನ ಸಲ ನಿಲ್ಲುವುದು ಇದರ ಮೇಲೆ ಇದೆ. ನಿಲ್ಲುವುದಕ್ಕಿಂತ, ರಾಜಮತಿಗೆ ಆ ಪುಟವನ್ನು ತೋರಿಸುವುದು ನನಗೆ ಮುಖ್ಯ.

ನೀಲಮ


ಸೋಲಾಪುರ
19 ಜನವರಿ 2025

ನೀಲಮ,

ನೀನು ಕೇಳಿದ್ದನ್ನು ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಯಾಕೆಂದು ಹೇಳುತ್ತೇನೆ. ಇಷ್ಟು ದಿನ ಸುತ್ತಿ ಬಳಸಿ ಬರೆದದ್ದನ್ನು ಇಂದು ನೇರ ಬರೆಯುತ್ತೇನೆ.

ಅಥಣಿಯ ಮಂಗಲ ಕಾರ್ಯಾಲಯ, ನೀನು ನಾಮಪತ್ರ ಹಾಕುವುದಕ್ಕೆ ಕೆಲವು ದಿನ ಮುಂಚೆ. ನನಗೆ ಕೇಳಿಸುವುದಿಲ್ಲ ಎಂದು ವಿಕ್ರಾಂತ ಸಭೆ ಒಪ್ಪಬೇಕಾದ ಠರಾವಿನ ಪ್ರತಿಯನ್ನು ಮೊದಲೇ ನನ್ನ ಕೈಗೆ ಕೊಟ್ಟಿದ್ದ. ಅವನು ಮೈಕಿನ ಮುಂದೆ ಓದಲು ಶುರು ಮಾಡಿದ, ನಾನು ಕಾಗದದಲ್ಲಿ ಓದುತ್ತ ಹೋದೆ. ಹೊಳೆಯ ಸ್ವಚ್ಛತೆ, ಜನಜಾಗೃತಿ, ನಮ್ಮ ಅಭ್ಯರ್ಥಿಯ ಪ್ರಚಾರ. ಕೊನೆಯ ಸಾಲಿನಲ್ಲಿ ಟ್ರಸ್ಟಿನ ಹೆಸರು. ಅದು ಯಾರ ಟ್ರಸ್ಟೆಂದು ರಾಯಬಾಗದ ಕೋರ್ಟಿನಲ್ಲಿ ಮೂವತ್ತು ವರ್ಷ ಸಹಕಾರಿ ಖಟ್ಲೆ ನಡೆಸಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲೆ ಎತ್ತಿ ನಿನ್ನನ್ನು ನೋಡಿದೆ. ನೀನು ಮೊದಲ ಸಾಲಿನಲ್ಲಿ ಇದ್ದೆ. ನಿನ್ನ ಕೈ ಆಗಲೇ ಮೇಲಿತ್ತು. ಹಿಂದೆ ಎಲ್ಲರ ಕೈಗಳೂ.

ನಾನು ಓದಿದ್ದನ್ನು ನೀನು ಕೇಳಿದ್ದೀ ಎಂದುಕೊಂಡೆ. ಕೇಳಿ, ಯೋಚಿಸಿ, ಯಾರ ದುಡ್ಡಾದರೇನು ಹೊಳೆಯ ಮಾತು ಊರೂರಿಗೆ ತಲುಪಲಿ ಎಂದು ಒಪ್ಪಿದ್ದೀ. ಅಭ್ಯರ್ಥಿಯೇ ಒಪ್ಪಿದ ಮೇಲೆ ಅಧ್ಯಕ್ಷನ ಕುರ್ಚಿಯಲ್ಲಿ ಕೂತ ಕಿವುಡ ಮುದುಕ ಎದ್ದು ಏನು ಹೇಳಬೇಕು? ನನ್ನ ಕಾಗದವನ್ನು ಮಡಚಿ ಕಿಸೆಯಲ್ಲಿ ಇಟ್ಟೆ. ಸಂಜೆ ನೀನು ಚಹಾ ತಂದು ಕೊಟ್ಟೆ, ಆ ವಿಷಯ ಎತ್ತಲಿಲ್ಲ. ನಿನಗೆ ನಾಚಿಕೆ ಇರಬೇಕು ಎಂದು ನಾನೂ ಎತ್ತಲಿಲ್ಲ.

ಎಲ್ಲ ಗೊತ್ತಿದ್ದೂ ಒಪ್ಪಿದವಳಿಗೆ ಗೊತ್ತಿರಲಿಲ್ಲ ಎಂದು ನಾನು ಸಹಿ ಮಾಡಲಾರೆ.

ದಸ್ತಗೀರ


ಹೊಳೆಸಾಲು
24 ಜನವರಿ 2025

ಕಾಕಾ,

ಕೇಳಿ ಆದ ಮೇಲೆ ಕೈ ಎತ್ತುವವರನ್ನು ನೀವು ನಮ್ಮ ಕಡೆ ಯಾವ ಊರಿನಲ್ಲಿ ನೋಡಿದ್ದೀರಿ?

ಹಾಲಿನ ಸೊಸೈಟಿಯಲ್ಲಿ, ಶಾಲೆಯ ಸಭೆಯಲ್ಲಿ, ನಮ್ಮ ಹೆಂಗಸರ ಉಳಿತಾಯದ ಬಚತ ಗಟದಲ್ಲಿ ಕೂಡ, ಓದುವವನು ಬಾಯಿ ತೆರೆದರೆ ಸಾಕು, ಮಂಜೂರ. ನಾನು ಇದನ್ನು ಕಲಿತದ್ದು ಕಾರ್ಖಾನೆಯ ವಾರ್ಷಿಕ ಸಭೆಯಲ್ಲಿ, ಅಪ್ಪನ ಹೆಗಲ ಮೇಲೆ ಕೂತು. ದೊಡ್ಡ ಮಂಟಪ, ತಲೆತಲೆಗೆ ಕೆಂಪು ಪಟಗ, ಬಿಳಿ ಟೋಪಿ. ವೇದಿಕೆಯ ಮೇಲೆ ಯಾರೋ ಮರಾಠಿಯಲ್ಲಿ ವಿಷಯ ನಂಬರು ಹೇಳುತ್ತಿದ್ದರು, ನಂಬರು ಮುಗಿಯುವುದರೊಳಗೆ ಎಲ್ಲರೂ ಮಂಜೂರ ಎಂದು ಕೂಗುತ್ತಿದ್ದರು. ಅಪ್ಪನ ದನಿ ಎಲ್ಲರಿಗಿಂತ ದೊಡ್ಡದು. ನಾನೂ ಕೂಗಿದೆ. ಅಪ್ಪ ಮೇಲೆ ನೋಡಿ ನಕ್ಕರು. ಕೊನೆಗೆ ಕಾಗದದಲ್ಲಿ ಸುತ್ತಿದ ಜಿಲೇಬಿ ಕೊಟ್ಟರು, ಪಾಕ ಅಪ್ಪನ ಅಂಗಿಯ ಮೇಲೆಲ್ಲ ಸೋರಿತು. ಸುಮ್ಮನೆ ಕೂತು ಪೂರ್ತಿ ಕೇಳುವವನು ನಮ್ಮಲ್ಲಿ ತಕರಾರಿನವನು. ಒಮ್ಮೆ ಒಬ್ಬ ‘ಇನ್ನೊಮ್ಮೆ ಓದ್ರಿ’ ಎಂದದ್ದಕ್ಕೆ ಅವನ ಮಗಳಿಗೆ ವರ್ಷಗಟ್ಟಲೆ ಗಂಡು ಸಿಗಲಿಲ್ಲ ಎಂದು ಅವ್ವ ಹೇಳುತ್ತಾಳೆ.

ಆ ದಿನದ ವಿಡಿಯೊ ಚಿಕ್ಕೋಡಿಯ ಕಚೇರಿಯಲ್ಲಿ ನನಗೆ ತೋರಿಸಿದರು. ವಿಕ್ರಾಂತನೇ ಕೊಟ್ಟದ್ದು. ಅವನು ಹೊಳೆಯ ಹೆಸರು ಹೇಳುತ್ತಾನೆ. ಆ ಕೂಡಲೇ ಒಂದು ಹೆಣ್ಣು ದನಿ ಮಂಜೂರ ಅನ್ನುತ್ತದೆ. ಅದು ನಾನು. ನಗುತ್ತಿದ್ದೇನೆ. ಆಮೇಲೆ ಇಡೀ ಹಾಲು ಕೂಗುತ್ತದೆ, ಚಪ್ಪಾಳೆ ಬೀಳುತ್ತದೆ. ಆ ಗದ್ದಲದಲ್ಲಿ ವಿಕ್ರಾಂತನ ತುಟಿ ಇನ್ನೂ ಆಡುತ್ತಲೇ ಇರುತ್ತದೆ. ಒಂದು ಶಬ್ದವೂ ಕೇಳಿಸುವುದಿಲ್ಲ. ಅವನು ಓದುತ್ತಿದ್ದದ್ದು ಆ ಕೊನೆಯ ಸಾಲು.

ಅಧಿಕಾರಿ ಒಳ್ಳೆಯವರು, ಎರಡು ಸಲ ಹಾಕಿ ತೋರಿಸಿದರು. ಹಿಂದೆ ಕುರ್ಚಿಯಲ್ಲಿ ನೀವು ಕಾಣುತ್ತೀರಿ. ತಲೆ ಬಗ್ಗಿಸಿ ಓದುತ್ತಿದ್ದೀರಿ. ನನ್ನನ್ನು ನೋಡುತ್ತೀರಿ. ಕಾಗದ ಮಡಚುತ್ತೀರಿ.

ಓದಿದವನನ್ನು ಬಿಟ್ಟರೆ ಅಷ್ಟು ಜನರಲ್ಲಿ ಆ ಠರಾವು ಗೊತ್ತಿದ್ದದ್ದು ಕಿವಿ ಕೇಳಿಸದ ನಿಮ್ಮೊಬ್ಬರಿಗೆ. ನೀವು ನನ್ನನ್ನು ಕೇಳಲಿಲ್ಲ. ಜೀಪುಗಳು ಬಂದು ನಿಂತಾಗ ಯಾರ ದುಡ್ಡೆಂದು ನಾನೂ ಯಾರನ್ನೂ ಕೇಳಲಿಲ್ಲ, ಅದು ಬೇರೆ. ಜನ ಕೊಟ್ಟರು ಎಂದುಕೊಳ್ಳಲು ಚೆನ್ನಾಗಿತ್ತು.

ಬರೆಯುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ನೀಲಮ


ಸೋಲಾಪುರ
28 ಜನವರಿ 2025

ನೀಲಮ,

ಇದರ ಜೊತೆ ಹೇಳಿಕೆ ಇದೆ. ನೋಟರಿಯ ಮುಂದೆ ಸಹಿ ಮಾಡಿದ್ದೇನೆ. ಹಣದ ಮೂಲ ಸಭೆಯಲ್ಲಿ ಠರಾವು ಓದಿದವನನ್ನು ಬಿಟ್ಟರೆ ನನಗೊಬ್ಬನಿಗೇ ತಿಳಿದಿತ್ತು, ಅಭ್ಯರ್ಥಿ ಪೂರ್ತಿ ಕೇಳುವ ಮೊದಲೇ ಕೈ ಎತ್ತಿದ್ದಳು, ನಾನು ತಡೆಯಬಹುದಿತ್ತು, ತಡೆಯಲಿಲ್ಲ. ಮೆಹೆಕ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಾಳೆ. ಅವಧಿಯೊಳಗೆ ತಲುಪುತ್ತದೆ.

ಆದರೆ ನಿನಗೆ ಸುಳ್ಳು ಭರವಸೆ ಕೊಡುವುದಿಲ್ಲ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವಳಿಗಾಗಿ ಖರ್ಚು ಮಾಡಿದವನದು ಅಪರಾಧ. ಅದಕ್ಕೆ ಆಗ ಇದ್ದ ದಂಡ ಐದುನೂರು ರೂಪಾಯಿ. ಒಪ್ಪಿಗೆ ಇದ್ದರೆ ಖರ್ಚೆಲ್ಲ ಅವಳದು. ನಮ್ಮಲ್ಲಿ ಮೊದಲು ಹಾಜರಿಯ ಸಹಿ, ಆಮೇಲೆ ಅದರ ಕೆಳಗೆ ಠರಾವು ಬರೆಯುವುದು. ನಿನ್ನ ಸಹಿ ಅಲ್ಲಿ ಇದೆ, ನಿನ್ನ ಕೈ ವಿಡಿಯೊದಲ್ಲಿದೆ. ಕೇಳಿಸಿಕೊಳ್ಳದೆ ಹೇಳಿದ ಮಂಜೂರು ಮಂಜೂರಲ್ಲ ಎಂದು ಯಾವ ಕಾನೂನಿನ ಪುಸ್ತಕದಲ್ಲೂ ನಾನು ಓದಿಲ್ಲ. ಹಾಗೆ ಬರೆದರೆ ನಮ್ಮ ಕಡೆ ಒಂದು ಸೊಸೈಟಿಯೂ ಉಳಿಯುವುದಿಲ್ಲ.

ನಿನ್ನ ಪತ್ರವನ್ನು ಹಲವು ಸಲ ಓದಿದೆ. ನಿನ್ನನ್ನು ಇಷ್ಟು ದಿನ ಯಾವುದೋ ಬೇರೆ ಹೆಂಗಸೆಂದು ತಿಳಿದು ಆಕೆಗೆ ಬರೆಯುತ್ತಿದ್ದೆ. ಆಕೆ ನನಗಿಂತ ಜಾಣೆ, ಸ್ವಲ್ಪ ನಿರ್ದಯಿ. ಅವಳ ಬಗ್ಗೆ ನನಗೆ ಒಳಗೊಳಗೆ ಒಂದು ಗೌರವವೂ ಇತ್ತು ಎಂದು ಈಗ ಗೊತ್ತಾಗುತ್ತಿದೆ.

ಜಿಲೇಬಿ ಎಂದು ಬರೆದಿದ್ದೀಯ. ಆಗ ಕಾರ್ಖಾನೆಯ ಕಾಗದಪತ್ರ ನಾನೇ ನೋಡುತ್ತಿದ್ದೆ. ಎಲ್ಲ ವರ್ಷವೂ ಬುಂದಿ. ಜಿಲೇಬಿ ಕೊಟ್ಟದ್ದು ಒಂದೇ ವರ್ಷ. ಇರಲಿ.

ದಸ್ತಗೀರ


ಹೊಳೆಸಾಲು
6 ಜುಲೈ 2025

ಕಾಕಾ,

ಆದೇಶ ಬಂತು. ಮೂರು ವರ್ಷ. ಮುಂದಿನ ಚುನಾವಣೆ ಆ ಮೂರು ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲೇ ಬರುತ್ತದೆ. ನಿಮ್ಮ ಹೇಳಿಕೆಯನ್ನು ಓದಿದ್ದಾರೆ, ಓದಿಲ್ಲ ಎನ್ನಲಾಗದು. ಅಭ್ಯರ್ಥಿಯೇ ಎಲ್ಲರಿಗಿಂತ ಮೊದಲು ಅನುಮೋದಿಸಿರುವುದು ಕಂಡುಬರುತ್ತದೆ ಎಂದು ಬರೆದಿದ್ದಾರೆ. ಸುಳ್ಳೇನಲ್ಲ.

ಹೇಳಿಕೆಯ ಪ್ರತಿಯನ್ನು ರಾಜಮತಿಗೆ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡಳು. ಓದಿ, “ಮುದುಕ ಒಳ್ಳ್ಯಾಂವ ಅದಾನ” ಎಂದು ವಾಪಸು ಕೊಟ್ಟಳು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ವಿಕ್ರಾಂತ ಈಗ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ಇದ್ದಾನೆ, ಸಮಿತಿಯ ಕಾರ್ಯದರ್ಶಿಯೂ ಅವನೇ. ಯಾರ ಹೊಲಕ್ಕೆ ಕಡಿಯುವವರನ್ನು ಯಾವಾಗ ಕಳಿಸಬೇಕೆಂದು ಅವನು ಹೇಳುತ್ತಾನೆ. ಆದ್ದರಿಂದ ಅವನ ಮೇಲೆ ಯಾರಿಗೂ ಸಿಟ್ಟಿಲ್ಲ.

ಹೋದ ಭಾನುವಾರ ಸಮಿತಿಯ ಸಭೆ ಇತ್ತು. ನನ್ನನ್ನು ಕರೆದಿರಲಿಲ್ಲ. ಅಪ್ಪನ ಜಾಗದಲ್ಲಿ ಅವ್ವ ಸದಸ್ಯೆಯಾದ್ದರಿಂದ ಆಕೆ ಹೋದಳು. ಸಂಜೆ ಬಂದವಳು ಕಾಲು ತೊಳೆದು ಕಟ್ಟೆಯ ಮೇಲೆ ಕೂತಳು. ಏನಾಯಿತು ಎಂದು ಕೇಳಿದೆ. ವಿಕ್ರಾಂತ ಓದಿದ, ಮುಗಿಯಿತು ಎಂದಳು. ಏನು ಓದಿದ ಎಂದರೆ ಗೊತ್ತಿಲ್ಲ. ಸಮಿತಿಯ ಹೆಸರಿಗೆ ಧಕ್ಕೆ ತಂದದ್ದಕ್ಕೆ ನನ್ನನ್ನು ತೆಗೆದುಹಾಕಿದ ಠರಾವು ಎಂದು ಆ ವೇಳೆಗೆ ನನಗೆ ಫೋನು ಬಂದಿತ್ತು.

“ನೀ ಏನಂದಿ ಬೇ?”

“ಎಲ್ಲಾರೂ ಮಂಜೂರ ಅಂದ್ರು. ನಾನೂ ಅಂದ್ನಿ.”

ವಿಷಯ ಹೇಳಿದೆ. ಆಕೆ ಅಳಲಿಲ್ಲ. ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತ, “ನಿಮ್ಮಪ್ಪನೂ ಹಂಗ” ಎಂದಳು. ಆಗ ನಿಮ್ಮ ಜಿಲೇಬಿಯ ಮಾತು ನೆನಪಾಗಿ ಕೇಳಿದೆ. ಆಕೆಗೆ ಚೆನ್ನಾಗಿ ನೆನಪಿದೆ, ಆ ಅಂಗಿಯ ಕಲೆ ಎಷ್ಟು ಒಗೆದರೂ ಹೋಗಲಿಲ್ಲವಂತೆ. “ಅದ ಒಂದ ವರ್ಷ ಜಿಲೇಬಿ ಕೊಟ್ಟಿದ್ರು. ದಾರೂ ಫ್ಯಾಕ್ಟರಿ ಮಂಜೂರ ಆತಲ್ಲ, ಅವತ್ತ.”

ನೀವು ‘ಇರಲಿ’ ಎಂದು ನಿಲ್ಲಿಸಿದ್ದು ಇಲ್ಲಿಯೇ ಎಂದು ತಿಳಿದೆ. ಡಿಸ್ಟಿಲರಿ ಬಂದದ್ದು ಆ ಕೂಗಿನಿಂದ. ಅದರ ನೀರಿನ ವಿರುದ್ಧ ಅಪ್ಪ ಸಾಯುವ ತನಕ ಓಡಾಡಿದರು. ಆ ಸಭೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಗೊತ್ತಿದ್ದೂ ಎತ್ತಲಿಲ್ಲವೋ, ಗೊತ್ತೇ ಇರಲಿಲ್ಲವೋ. ಇದನ್ನು ನೀವು ತಿಳಿಸುವುದು ಬೇಡ, ಕಾಕಾ. ನೀವು ಕಾಗದದಲ್ಲಿ ಇದ್ದದ್ದನ್ನಷ್ಟೇ ಹೇಳಬಲ್ಲಿರಿ.

ಈಗ ಹೊಳೆಯ ದಂಡೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೇಲಿನಿಂದ ಹೊಸ ನೀರು ಬಂದಿದೆ. ಕಪ್ಪು ಇದೆಯೋ ಇಲ್ಲವೋ ಈ ಕೆಂಪಿನಲ್ಲಿ ಗೊತ್ತಾಗುವುದಿಲ್ಲ. ನಿಮಗೆ ಬರೆಯುತ್ತ ಬರೆಯುತ್ತ ಮಾತು ನಿಮ್ಮನ್ನು ಬಿಟ್ಟು ಬೇರೆ ಕಡೆ ಹೋಗುತ್ತಿದೆ, ಬೇಸರ ಮಾಡಿಕೊಳ್ಳಬೇಡಿ.

ಅಪ್ಪಾ, ಅವತ್ತ ನನ್ನ ಹೆಗಲ ಮ್ಯಾಲ ಹೊತ್ತು ಕೂಗೂ ಮೊದಲ, ಅವರು ಓದಿದ್ದನ್ನ ನೀ ಪೂರಾ ಕೇಳಿದ್ದೇನ?